ಬೂಷ್ಟು ಹಿಡಿದ ಹುಳು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಸೀಮೆಯಲ್ಲಿ ಗೊಣ್ಣೆಹುಳುವಿನ ಹೆಸರು ಕೇಳಿ ಬೆಚ್ಚದ ರೈತನಿಲ್ಲ. ಮೊದಲ ಮಳೆ ಬಿದ್ದ ಸಂಜೆ ನೆಲದೊಳಗಿಂದೆದ್ದ ದುಂಬಿಗಳು ಬೇವಿನ ಮರವನ್ನು ಮುತ್ತುತ್ತವೆ. ಮರಳಿ ಮಣ್ಣಿಗಿಳಿದು ತತ್ತಿಯಿಡುತ್ತವೆ. ತತ್ತಿಯೊಡೆದು ಬಂದ ಬಿಳಿಯ ಹುಳು ಕಬ್ಬಿನ ಬೇರನ್ನು ಮೇಯುತ್ತದೆ. ಹಸಿರಾಗಿದ್ದ ಪೈರು ಹಳದಿಗೆ ತಿರುಗಿ, ಕೈಯಿಂದ ಎಳೆದರೆ ಬುಡಸಹಿತ ಎದ್ದು ಬರುತ್ತದೆ.

ಘಟಪ್ರಭೆಯ ದಂಡೆಯಲ್ಲಿರುವ ನನ್ನ ಸೋದರಮಾವನವರ ಹೊಲದಲ್ಲಿ ಒಂದು ವರ್ಷ ಕೂಳೆ ಕಬ್ಬೆಲ್ಲ ಹೀಗೆಯೇ ಒಣಗಿತು. ಆ ಬೆಳೆಯನ್ನು ನಂಬಿ ಸಾಲ ತಂದಿದ್ದರು. ಪಡಸಾಲೆಯ ಮೂಲೆಯಲ್ಲಿ ವಿಷದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅದೇ ಹೊಲದಲ್ಲಿ ಮಣ್ಣು ಅಗೆಯುವಾಗ ಅವರಿಗೊಂದು ವಿಚಿತ್ರ ಹುಳು ಸಿಕ್ಕಿತು. ಮೈ ಮರದಂತೆ ಬಿರುಸು. ಮೇಲೆಲ್ಲ ಹಸಿರು ಪುಡಿ.

"ಏನಪಾ ಅಳಿಯಾ, ಇದಕ್ಕೇನ ಪಾಚಿ ಹಿಡದೈತೇನ?" ಎಂದು ಕೇಳಿದರು.

ಅದು ಪಾಚಿಯಲ್ಲ, ಹುಳುವನ್ನು ಕೊಂದ ಬೂಷ್ಟು. 1879ರಲ್ಲಿ ರಷ್ಯದ ಮೆಚ್ನಿಕಾಫ್ ಗೋದಿಯ ದುಂಬಿಯ ಮರಿಗಳಲ್ಲಿ ಗುರುತಿಸಿದ ಶಿಲೀಂಧ್ರದ ಕುಲದ್ದು. ಇಂದು ಅದರ ಹೆಸರು ಮೆಟರೈಜಿಯಂ. ಅದರ ಬೀಜಕಣವು ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಚರ್ಮವನ್ನು ಕರಗಿಸಿಕೊಂಡು ಒಳಹೊಗುತ್ತದೆ. ಒಳಗೆ ಬೆಳೆಯುತ್ತ ಡೆಸ್ಟ್ರಕ್ಸಿನ್ ಎಂಬ ವಿಷಗಳನ್ನು ಸ್ರವಿಸುತ್ತದೆ. ಇವುಗಳಲ್ಲಿ ಎರಡನ್ನು 1961ರಲ್ಲಿ ಜಪಾನಿನ ಕೊಡೈರ ವರ್ಣಿಸಿದರು. ಈ ವಿಷವು ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಹರಿವನ್ನು ಕೆಡಿಸಿ ಹುಳುವಿಗೆ ಲಕ್ವ ಹೊಡೆಸುತ್ತದೆ. ರೋಗದೊಡನೆ ಹೋರಾಡುವ ರಕ್ತಕಣಗಳನ್ನೂ ಕುಗ್ಗಿಸುತ್ತದೆ.

"ಔಷಧ ಹೊಡದರ ಎರಡ ದಿನದಾಗ ಸಾಯತಾವ. ನಿನ್ನ ಬೂಷ್ಟಿಗೆ ಎಷ್ಟ ದಿನ ಬೇಕ?"

ಈ ಪ್ರಶ್ನೆ ನ್ಯಾಯವಾದದ್ದೇ. ಬೂಷ್ಟಿಗೆ ವಾರಗಳು ಬೇಕು, ತೇವ ಬೇಕು. ಸುಡುಬಿಸಿಲಿಗೆ ಬೀಜಕಣ ಸಾಯುತ್ತದೆ. ಬೂಷ್ಟೆಂದ ಮಾತ್ರಕ್ಕೆ ಎಲ್ಲರಿಗೂ ಮಿತ್ರವೂ ಅಲ್ಲ. ನಮ್ಮ ರೇಷ್ಮೆ ಬೆಳೆಗಾರರು ಅಂಜುವ ಸುಣ್ಣಕಟ್ಟು ರೋಗಕ್ಕೂ ಇಂಥದೇ ಶಿಲೀಂಧ್ರ ಕಾರಣವೆಂದು 1835ರಲ್ಲಿಯೇ ಇಟಲಿಯ ಬಾಸ್ಸಿ ತೋರಿಸಿಕೊಟ್ಟರು. ಹಿಪ್ಪುನೇರಳೆ ತೋಟದ ನೆರೆಯಲ್ಲಿ ಇದನ್ನು ಬಳಸುವಾಗ ಎಚ್ಚರವಿರಬೇಕು. ಆದರೆ ಮಣ್ಣಿನ ಆಳದಲ್ಲಿರುವ ಹುಳುವಿಗೆ ಮೇಲಿನಿಂದ ಸುರಿದ ಔಷಧ ಸರಿಯಾಗಿ ತಲಪುವುದಿಲ್ಲ. ಬೂಷ್ಟು ಮಣ್ಣಿನಲ್ಲಿಯೇ ಉಳಿದು ಮುಂದಿನ ಹುಳುವಿಗಾಗಿ ಕಾಯಬಲ್ಲದು.

ಮರುವರ್ಷ ಮುಂಗಾರಿನಲ್ಲಿ ಮಾವನವರು ಅರ್ಧ ಹೊಲಕ್ಕೆ ಮಾತ್ರ, ತಿಪ್ಪೆಗೊಬ್ಬರದಲ್ಲಿ ಬೂಷ್ಟನ್ನು ಬೆರೆಸಿ ಬುಡಕ್ಕೆ ಹಾಕಿದರು. ದೀಪಾವಳಿಗೆ ನಾನು ಹೋದಾಗ ಇಬ್ಬರೂ ಕೂಡಿ ಅಗೆದು ನೋಡಿದೆವು. ಬಿಳಿಯ ಹುಳುಗಳು ಇನ್ನೂ ಇದ್ದವು. ಹಸಿರಾದವು ಅವಕ್ಕಿಂತ ಹೆಚ್ಚಾಗಿದ್ದವು. ಕಬ್ಬು ನಿಂತಿತ್ತು.

ಡಬ್ಬಿಗಳನ್ನು ಮಾವನವರು ಎಸೆದಿಲ್ಲ. ಪಡಸಾಲೆಯಿಂದೆತ್ತಿ ಅಟ್ಟಕ್ಕೆ ಏರಿಸಿದ್ದಾರೆ.