ಮೈಕ್ರೋವೇವ್‌ನೊಳಗೆ ಒಂದು ಹಲಸಿನ ಹಪ್ಪಳ

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಅಡುಗೆಮನೆಗಳು ಹೊಸ ಒಲೆಗೆ ಹೆದರಿದವಲ್ಲ. ಗೋಬರ್ ಗ್ಯಾಸ್ ಈ ಸೀಮೆಯಲ್ಲಿ ಎಷ್ಟು ಚೆನ್ನಾಗಿ ಬೇರೂರಿತೆಂದರೆ, ಸಿರ್ಸಿಯ ಆ ಯಶಸ್ಸಿನ ಮೇಲೆಯೇ 2001ರಲ್ಲಿ ವಿಜ್ಞಾನಿಗಳ ಅಧ್ಯಯನವೊಂದು ಪ್ರಕಟವಾಯಿತು. ಈಗ ಬೆಂಗಳೂರಿನಲ್ಲಿರುವ ಮಕ್ಕಳು ತಂದುಕೊಟ್ಟ ಮೈಕ್ರೋವೇವ್ ಒಲೆಗಳು ಕಟ್ಟೆ ಏರಿವೆ. ಅವುಗಳ ಜತೆಗೆ ಒಂದಿಷ್ಟು ತಪ್ಪು ತಿಳಿವಳಿಕೆಯೂ ಬಂದಿದೆ.

ಮೈಕ್ರೋವೇವ್ ಆಹಾರವನ್ನು ಒಳಗಿನಿಂದ ಹೊರಗೆ ಬೇಯಿಸುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ಹಾಗಲ್ಲ. ಅಲೆಗಳು ಆಹಾರದೊಳಗೆ ಚೆನ್ನಾಗಿ ಹೊಗುವುದು ಎರಡು ಮೂರು ಸೆಂಟಿಮೀಟರ್ ಮಾತ್ರ. ಅಲ್ಲಿಂದ ಆಚೆಗೆ ಬಿಸಿ ನಿಧಾನವಾಗಿ ನಡುವಿನವರೆಗೆ ಸರಿಯಬೇಕು. ದಪ್ಪ ಹಲಸಿನ ಕಡುಬಿನ ಅಂಚು ಬಾಯಿ ಸುಟ್ಟರೂ ನಡು ತಣ್ಣಗೇ ಇರುವುದು ಇದಕ್ಕೇ.

ಇನ್ನೊಂದು ತೊಡಕೂ ಇದೆ. ಅಲೆಗಳು ಒಳಗೋಡೆಗಳಿಗೆ ಬಡಿದು ಹಿಂದಿರುಗುವಾಗ ಕೆಲವು ಕಡೆ ಬಲವಾಗುತ್ತವೆ, ಕೆಲವು ಕಡೆ ಕುಗ್ಗುತ್ತವೆ. ಬೇಕಿದ್ದರೆ ಹಪ್ಪಳವನ್ನೇ ಕೇಳಿ. ತಟ್ಟೆ ತಿರುಗದಂತೆ ಮಾಡಿ, ದೊಡ್ಡದೊಂದು ಹಲಸಿನ ಹಪ್ಪಳ ಇಟ್ಟು, ಎದುರೇ ನಿಂತು ನೋಡಿ. ಒಂದೆಡೆ ಗುಳ್ಳೆ ಎದ್ದು ಕೆಂಪಾಗುತ್ತದೆ, ಪಕ್ಕದಲ್ಲೇ ಹಸಿಯಾಗಿ ಉಳಿಯುತ್ತದೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಹಾಗಾಗಿ ಬಿಸಿ ಜಾಗಗಳ ನಡುವಿನ ಅಂತರ ಅದರ ಅರ್ಧದ ಆಸುಪಾಸು. ಕೆಂಪಾಗತೊಡಗಿದ ಕೂಡಲೇ ನಿಲ್ಲಿಸಿಬಿಡಿ.

ತಟ್ಟೆ ತಿರುಗುವುದು ಈ ಕೊರತೆ ನೀಗಲೆಂದೇ. ಆದರೆ ಅದರ ನಟ್ಟನಡುವೆ ಇಟ್ಟದ್ದು ಇದ್ದಲ್ಲೇ ಸುತ್ತುತ್ತದೆ. ಆದ್ದರಿಂದ ಆಹಾರವನ್ನು ನಡು ಬಿಟ್ಟು ಬಳೆಯಂತೆ ಸುತ್ತ ಹರಡಿ, ನೀರು ಚಿಮುಕಿಸಿ, ಬಾಳೆ ಎಲೆಯ ತುಂಡು ಮುಚ್ಚಿ. ಅರ್ಧಕ್ಕೆ ನಿಲ್ಲಿಸಿ ಕಲಕಿ. ಆಮೇಲೆ ಎರಡು ಮೂರು ನಿಮಿಷ ಹಾಗೇ ಬಿಡಿ. ಅನ್ನ ಇಳಿಸಿದ ಮೇಲೂ ಮುಚ್ಚಿ ಬಿಡುತ್ತೇವಲ್ಲ, ಅದೇ ಕ್ರಮ. ನಿನ್ನೆಯ ಅಡುಗೆಯಾದರೆ ನಡುಭಾಗವೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಅಂದರೆ ಎಲ್ಲ ಕಡೆಯೂ ಹಬೆಯಾಡಬೇಕು.

ಹಾಗೆ ಹಬೆಯಾಡಿದರೆ ಎಂಥ ಅನ್ನವೂ ಸರಿಹೋಗುತ್ತದೆಯೇ? ಇದು ನನಗೆ ನಿಜಕ್ಕೂ ಆತಂಕ ತರುವ ನಂಬಿಕೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಹೊರಗೇ ಉಳಿದ ಅನ್ನದಲ್ಲಿ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ಅನ್ನವನ್ನು ತೆಳ್ಳಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೆ ಫ್ರಿಜ್ ಬರೀ ಕಪಾಟು. ಆ ಅನ್ನವನ್ನು ಮಕ್ಕಳಿಗೆ ಬಡಿಸಬೇಡಿ.

ವಿಕಿರಣ ಆಹಾರದಲ್ಲಿ ಉಳಿಯುತ್ತದೆ ಎನ್ನುವವರಿಗೆ ಉತ್ತರ ಚಿಕ್ಕದು. ಇದು 2450 ಮೆಗಾಹರ್ಟ್ಸ್‌ನ ಅಲೆ, ರೇಡಿಯೋ ಅಲೆಗಳ ಬಳಗದ್ದು. ದೀಪ ಆರಿಸಿದರೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ, ಯಂತ್ರ ನಿಂತೊಡನೆ ಇದೂ ಇಲ್ಲ. ಬಾಗಿಲು ಸರಿಯಾಗಿ ಕೂರದ ಒಲೆಯನ್ನು ಮಾತ್ರ ದುರಸ್ತಿಯಾಗುವವರೆಗೆ ಬಳಸಬಾರದು. ಸ್ಟೀಲ್ ಡಬ್ಬಿ ಬೇಡ: ಲೋಹ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ, ಅಂಚಿನಲ್ಲಿ ಕಿಡಿಯೂ ಹಾರಬಹುದು.

ಹಲಸಿನ ಬೇಳೆಯ ವಿಷಯ ನಮ್ಮವರಿಗೆ ಗೊತ್ತೇ ಇದೆ. ಗಾಯ ಮಾಡದೆ ಕೆಂಡಕ್ಕೆ ಹಾಕಿದ ಬೇಳೆ ಸಿಡಿಯುತ್ತದೆ. ಸಿಪ್ಪೆಯೊಳಗೆ ಸಿಕ್ಕಿಕೊಂಡ ಹಬೆಗೆ ದಾರಿ ಬೇಕು. ಮೈಕ್ರೋವೇವ್‌ನಲ್ಲೂ ಬೇಳೆಯನ್ನು ಸೀಳಿಯೇ ಇಡಿ.

ಬೇಗ ಬೆಂದರೆ ಸಾಕು ಎಂದು ಕೆಸವನ್ನು ಇದರೊಳಗೆ ಇಡುವವರೂ ಇದ್ದಾರೆ. ಗಂಟಲು ಕೆರೆಯುವುದು ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿಂದ. ಹುಳಿ ಹಾಕಿ ಬಹಳ ಹೊತ್ತು ಬೇಯಿಸುವ ರೂಢಿ ಬಂದದ್ದು ಅದಕ್ಕೇ. ಪತ್ರೊಡೆಯನ್ನು ಹಬೆಯಲ್ಲೇ ಬೇಯಿಸಿ. ಮರುದಿನ ಹೋಳು ಮಾಡಿ ಬಿಸಿ ಮಾಡಲು ಮೈಕ್ರೋವೇವ್ ಸಾಕು.