ಕಟ್ಟಡಕ್ಕುಂಟು ಕಟ್ಟಳೆ, ಸಾಫ್ಟ್‌ವೇರಿಗೆ?

1937ರ ಮಾರ್ಚ್ 18. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸೋರಿದ ಅನಿಲ ಸ್ಫೋಟಿಸಿ ಸುಮಾರು 300 ಮಕ್ಕಳು, ಶಿಕ್ಷಕರು ಅಸುನೀಗಿದರು. ಅನಿಲಕ್ಕೆ ವಾಸನೆಯಿರಲಿಲ್ಲ, ಸೋರಿಕೆ ಯಾರಿಗೂ ತಿಳಿಯಲಿಲ್ಲ. ಅದೇ ವರ್ಷ ಟೆಕ್ಸಾಸ್, ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಎಂಜಿನಿಯರುಗಳಿಗೆ ಪರವಾನಗಿ ಬೇಕೆಂಬ ಕಾನೂನನ್ನೂ ತಂದಿತು.

ಕಟ್ಟಡದ ಕಟ್ಟಳೆಗಳು ಬಹುಪಾಲು ಬೆಳೆದದ್ದೇ ಹೀಗೆ, ಅನಾಹುತಗಳಿಂದ ಪಾಠ ಕಲಿತು. 1970ರಲ್ಲಿ ಮೊದಲು ಪ್ರಕಟವಾದ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಅಡಿಪಾಯದಿಂದ ಹಿಡಿದು ಬೆಂಕಿ ಬಿದ್ದಾಗ ಪಾರಾಗುವ ದಾರಿಯವರೆಗೆ ನಿಯಮ ಹೇಳುತ್ತದೆ.

ಸಾಫ್ಟ್‌ವೇರಿನ ದೋಷವೂ ಜೀವ ತೆಗೆಯಬಲ್ಲುದು. 1985–87ರ ನಡುವೆ ಅಮೆರಿಕ, ಕೆನಡಾಗಳಲ್ಲಿ ‘ಥೆರಾಕ್-25’ ಎಂಬ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು, ಕೆಲವರು ಸತ್ತರು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಕಾವಲನ್ನು ಸಾಫ್ಟ್‌ವೇರಿಗೇ ಒಪ್ಪಿಸಲಾಗಿತ್ತು.

ಇಂದು ವಿಮಾನ, ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರಿಗೆ ಬಿಗಿಯಾದ ಮಾನದಂಡಗಳಿವೆ. ಆದರೆ ಬರೆಯುವವರಿಗೆ? 1998ರಲ್ಲಿ ಟೆಕ್ಸಾಸ್ ಸಾಫ್ಟ್‌ವೇರ್ ಎಂಜಿನಿಯರಿಂಗನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿತು. 2013ರಲ್ಲಿ ಅಮೆರಿಕದಲ್ಲಿ ಅದಕ್ಕೆಂದೇ ಪರೀಕ್ಷೆಯೂ ಶುರುವಾಯಿತು. ಬರೆಯುವವರು ತೀರಾ ಕಡಿಮೆಯಾದ್ದರಿಂದ 2019ರಲ್ಲಿ ಅದು ನಿಂತುಹೋಯಿತು. ಭಾರತದಲ್ಲಂತೂ ಇಂಥ ಪರವಾನಗಿಯೇ ಇಲ್ಲ.

ಕಂಪ್ಯೂಟರ್ ಸೈನ್ಸ್ ಸೀಟಿಗೆ ಹಂಬಲಿಸುವ ವಿದ್ಯಾರ್ಥಿಗಳೂ ಪಾಲಕರೂ ಗಮನಿಸಬೇಕಾದ ಮಾತಿದು. ಬರೆದುದನ್ನು ಪರೀಕ್ಷಿಸಿ, ಇನ್ನೊಬ್ಬರಿಂದ ತಪಾಸಣೆ ಮಾಡಿಸಿ, ‘ಇದಕ್ಕೆ ನಾನು ಹೊಣೆ’ ಎನ್ನುವ ಅಭ್ಯಾಸ ಕಾಲೇಜಿನಲ್ಲೇ ಬರಬೇಕು. ಕಾನೂನು ಬರಲೆಂದು ಕಾಯುವುದೆಂದರೆ ಮತ್ತೊಂದು ಅನಾಹುತಕ್ಕೆ ಕಾದಂತೆ.