ಟೋಲ್ಕಿನ್‌ನ ಮರ, ಸಾಫ್ಟ್‌ವೇರ್‌ನ ಸರದಿ

ಇಂಗ್ಲಿಷ್ ಲೇಖಕ ಟೋಲ್ಕಿನ್ ತಮ್ಮ ಕಥೆಯ ಎಲ್ಫ್ ಎಂಬ ಜನರಿಗೆಂದು ಕಟ್ಟಿದ ಭಾಷೆಗಳಲ್ಲಿ ಕ್ವೆನ್ಯಾ, ಸಿಂದರಿನ್ ಅಕ್ಕತಂಗಿಯರು. ಮರಕ್ಕೆ ಮೂಲ ಪದ ‘ಗಲಡಾ’. ಕ್ವೆನ್ಯಾದಲ್ಲಿ ಅದು ‘ಅಲ್ಡ’ ಆಯಿತು, ಸಿಂದರಿನ್‌ನಲ್ಲಿ ‘ಗಲದ್’. ಕಂಪ್ಯೂಟರ್ ಇಲ್ಲ, ಎಲ್ಲ ಕಾಗದದ ಮೇಲೆ!

ಮೂಲ ಪದದ ಸದ್ದು ಬದಲಿಸಿ ಹೊಸ ಪದ ಮಾಡುವ ಈ ಕೆಲಸಕ್ಕೆ ಈಗ ಸಾಫ್ಟ್‌ವೇರ್ ಇದೆ. ಮಾರ್ಕ್ ರೋಸೆನ್‌ಫೆಲ್ಡರ್ ಬರೆದ ‘ಸೌಂಡ್ ಚೇಂಜ್ ಅಪ್ಲೈಯರ್’ ಅಂಥದ್ದು. ಯಾವ ಸದ್ದು, ಏನಾಗಬೇಕು, ಪದದ ಯಾವ ಜಾಗದಲ್ಲಿ, ಇಷ್ಟು ಹೇಳಿ. ಇಡೀ ಪದಪಟ್ಟಿ ಕ್ಷಣದಲ್ಲಿ ಬದಲಾಗುತ್ತದೆ.

ಮಜಾ ಇರುವುದು ನಿಯಮಗಳ ಸರದಿಯಲ್ಲಿ. ಮೊದಲು, ಎರಡು ಸ್ವರಗಳ ನಡುವಿನ ‘ಡ’ ಮೆತ್ತಗಾಗಿ ‘ದ’ ಆಗಲಿ, ಇಂಗ್ಲಿಷಿನ ‘ದಿಸ್’ನಲ್ಲಿರುವಂಥ ‘ದ’. ಆಮೇಲೆ ಕೊನೆಯ ಸ್ವರ ಬೀಳಲಿ. ಗಲಡಾ, ಗಲದಾ, ಗಲದ್. ಸರಿ ಬಂತು. ಈಗ ಸರದಿ ಅದಲುಬದಲು ಮಾಡಿ. ಸ್ವರ ಮೊದಲೇ ಬಿದ್ದರೆ ಉಳಿಯುವುದು ‘ಗಲಡ್’. ‘ಡ’ ಈಗ ಸ್ವರಗಳ ನಡುವೆ ಇಲ್ಲವಲ್ಲ, ಮೆತ್ತಗಾಗಿಸುವ ನಿಯಮ ಅದನ್ನು ಮುಟ್ಟುವುದೇ ಇಲ್ಲ.

ನಮ್ಮ ಹಳಗನ್ನಡದ ‘ಪಾಲ್’ ‘ಹಾಲು’ ಆಯಿತಲ್ಲ, ಆ ನಿಯಮವನ್ನೂ ಕೊಟ್ಟು ನೋಡಿ. ‘ಪತ್ತು’ ನೀಟಾಗಿ ‘ಹತ್ತು’ ಆಗುತ್ತದೆ. ಆದರೆ ಪಟ್ಟಿಯಲ್ಲಿ ‘ಪುಸ್ತಕ’ ಇದ್ದರೆ ಅದೂ ‘ಹುಸ್ತಕ’! ಸಂಸ್ಕೃತದ ಪದ ಅಂತ ಸಾಫ್ಟ್‌ವೇರ್‌ಗೇನು ಗೊತ್ತು? ಅಂಥವನ್ನು ನೀವೇ ಮೊದಲು ಎತ್ತಿಡಬೇಕು.